ಓನರಿಗೆ ಏಕವಚನ

ಬಾಡಿಗೆ ಕರಾರುಪತ್ರ ನನ್ನ ಕೈಗೆ ಬಂದಾಗ ಮಾಡಬೇಕಾಗಿದ್ದದ್ದು ಒಂದೇ ಕೆಲಸ. ಇಬ್ಬರು ಗೆಳೆಯರಿಂದ ಸಾಕ್ಷಿ ಸಹಿ ಹಾಕಿಸಿ ಮನೆ ಓನರಿಗೆ ತಲುಪಿಸುವುದು, ಅಷ್ಟೇ. ಸಾಕ್ಷಿಗಳ ಸಹಿಗೆ ಕೊನೆಯ ಪುಟದ ಕೆಳಗೆ ಎರಡು ಖಾಲಿ ಗೆರೆ ಇದ್ದವು. ನೇರ ಆ ಪುಟಕ್ಕೆ ಹೋಗಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ನನಗೊಂದು ಕೆಟ್ಟ ಚಟ ಇದೆ. ಮದುವೆ ಕರೆಯೋಲೆಯಿಂದ ಹಿಡಿದು ಶಾಂಪೂ ಸ್ಯಾಶೆವರೆಗೆ, ಅಚ್ಚಾದದ್ದು ಏನು ಸಿಕ್ಕರೂ ತಪ್ಪು ಹುಡುಕುತ್ತಾ ಕೂರುತ್ತೇನೆ.

ಮೊದಲ ಪುಟದಲ್ಲೇ ಒಂದು ಸಿಕ್ಕಿತು. ಸ್ಟಾಂಪ್ ಪೇಪರಿನ ನಡುವೆ ದಪ್ಪ ಅಕ್ಷರದಲ್ಲಿ ‘ನೌ ದಿಸ್ ಅಗ್ರಿಮೆಂಟ್ ವಿಟ್ನೆಸೆತ್’ ಎಂದಿತ್ತು. ವಿಟ್ನೆಸೆತ್! ಟೈಪ್ ಮಾಡಿದ ಹುಡುಗನಿಗೆ ಮುಂದಿನ ಹಲ್ಲು ಬಿದ್ದಿರಬೇಕು ಅಂದುಕೊಂಡೆ. ಜೇಬಿನಿಂದ ಪೆನ್ನು ತೆಗೆದು ಕೊನೆಯ ಎರಡಕ್ಷರ ಹೊಡೆದುಹಾಕಿ, ಮೇಲೆ ಮುದ್ದಾಗಿ ಒಂದು ‘ಎಸ್’ ಬರೆದೆ. ಎಂಥಾ ಸಮಾಧಾನ ಅಂತೀರಿ!

ಅಷ್ಟರಲ್ಲಿ ಸಾಕ್ಷಿಗಳಿಬ್ಬರೂ ಹೋಟೆಲ್ಲಿಗೆ ಬಂದರು. ಒಬ್ಬ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾನೆ. ಅವನನ್ನು ನಾವು ಮೇಷ್ಟ್ರು ಅಂತ ಕರೆಯುತ್ತೇವೆ. ಹೆಸರಿಗೆ ಮಾತ್ರ ಬಹುವಚನ, ಉಳಿದದ್ದೆಲ್ಲ ‘ಬಾರೋ ಮೇಷ್ಟ್ರೇ’. ಇನ್ನೊಬ್ಬ 12 ವರ್ಷ ನ್ಯೂಜೆರ್ಸಿಯಲ್ಲಿದ್ದು ವಾಪಸಾದವನು. ಅವನ ಹೆಸರೇ ಈಗ ಅಮೆರಿಕ.

ಮೇಷ್ಟ್ರು ಕನ್ನಡಕ ಏರಿಸಿ ನನ್ನ ತಿದ್ದುಪಡಿ ನೋಡಿದ. ಸಾಗುಗೆ ಅದ್ದಿದ ಪೂರಿ ಕೈಯಲ್ಲೇ ನಿಂತಿತು.

“ಲೋ, ಇದನ್ನ ಯಾರೋ ತಿದ್ದಿದ್ದು?”

“ನಾನೇ. ಸ್ಪೆಲಿಂಗ್ ತಪ್ಪಿತ್ತು.”

“ತಪ್ಪಲ್ವೋ! ಅದು ಹಳೇ ಇಂಗ್ಲಿಷು. ಈಗ ಎಸ್ ಬರೋ ಕಡೆ ಆಗ ಎತ್ ಬರ್ತಿತ್ತು. ಹ್ಯಾತ್, ಡತ್, ಸೇಯೆತ್. ಎತ್ ದಕ್ಷಿಣ ಇಂಗ್ಲೆಂಡಿನದು, ಎಸ್ ಉತ್ತರದ್ದು. ಆಮೇಲೆ ಉತ್ತರದವರು ಗೆದ್ದರು. ಲಾಯರುಗಳಿಗೆ ಮಾತ್ರ ಯಾರೂ ಆ ಸುದ್ದಿ ಹೇಳಲಿಲ್ಲ.”

ಹದಿನೇಳನೇ ಶತಮಾನದಲ್ಲಿ ಇಂಗ್ಲಿಷಿನವರು ‘ಎತ್’ ಅಂತ ಬರೆದು ‘ಎಸ್’ ಅಂತ ಓದುತ್ತಿದ್ದದ್ದೂ ಇತ್ತಂತೆ. ಅದರಲ್ಲೇನು ಆಶ್ಚರ್ಯ? ನಾವು ‘ಬರುತ್ತಾನೆ’ ಅಂತ ಬರೆದು ‘ಬರ್ತಾನೆ’ ಅಂತ ಓದುವುದಿಲ್ಲವೇ? ಇದನ್ನು ಹೇಳಿ ಮಾತು ತಿರುಗಿಸಲು ನೋಡಿದೆ. ಮೇಷ್ಟ್ರು ಬಿಡಲಿಲ್ಲ.

“ಕರಾರಿನಲ್ಲಿ ತಿದ್ದಿದರೆ ಪಕ್ಕದಲ್ಲಿ ಎರಡೂ ಕಡೆಯವರು ಸಹಿ ಹಾಕಬೇಕು ಕಣೋ. ನಿನ್ನ ಓನರ್ ಏನು ಕೆಲಸದಲ್ಲಿದ್ದರು?”

ಇಲ್ಲಿ ನನ್ನ ಕಾಫಿ ಗಂಟಲಲ್ಲಿ ಸಿಕ್ಕಿಕೊಂಡಿತು. ಓನರ್ ರಿಟೈರ್ ಆದ ಇಂಗ್ಲಿಷ್ ಪ್ರೊಫೆಸರ್. ಮನೆ ನೋಡಲು ಹೋದಾಗ ನಾನು ‘ಟೂ ಬಿಎಚ್‌ಕೆ’ ಅಂದದ್ದಕ್ಕೇ ಮುಖ ಹುಳ್ಳಗೆ ಮಾಡಿಕೊಂಡಿದ್ದರು. ಕರಾರನ್ನೂ ಅವರೇ ಹೇಳಿ ಬರೆಸಿದ್ದು. ಹಲ್ಲು ಬಿದ್ದ ಹುಡುಗ ಇರಲೇ ಇಲ್ಲ.

ಅಮೆರಿಕ ನನ್ನ ಪರ ವಹಿಸಿದ. “ಹೋಗ್ಲಿ ಬಿಡೋ, ಇಂಗ್ಲಿಷು ತುಂಬಾ ಚೇಂಜ್ ಆಗಿದೆ. ಇಟ್ ಹ್ಯಾಸ್ ಗಾಟನ್ ಮಚ್ ಸಿಂಪ್ಲರ್.”

“ಗಾಟನ್ ಅನ್ನೋ ಪದ ಇದೆಯೇನೋ? ಗಾಟ್ ಅಲ್ವಾ?” ಅಂದೆ. ಒಂದು ತಪ್ಪು ಮಾಡಿ ಸಿಕ್ಕಿಬಿದ್ದವನಿಗೆ ಇನ್ನೊಬ್ಬನ ತಪ್ಪು ಸಿಕ್ಕರೆ ಅಮೃತ. ಅದೂ ದಕ್ಕಲಿಲ್ಲ. ಗಾಟನ್ನೇ ಇಂಗ್ಲೆಂಡಿನ ಹಳೆಯ ರೂಪವಂತೆ. ಹಡಗು ಹತ್ತಿ ಹೋದವರು ಅದನ್ನು ಜೋಪಾನವಾಗಿ ಇಟ್ಟುಕೊಂಡರು, ಮನೆಯಲ್ಲೇ ಉಳಿದವರು ಕಳೆದುಕೊಂಡರು. ಫರ್ಗಾಟನ್‌ನಂಥ ಪದಗಳಲ್ಲಿ ಮಾತ್ರ ಅದರ ಬಾಲ ಉಳಿದಿದೆ. ಅಮೆರಿಕ ಎದೆ ಉಬ್ಬಿಸಿ ಇನ್ನೊಂದು ಪೂರಿ ಹೇಳಿದ. ಗಾಟನ್ ಅವನೇ ಹೊತ್ತು ತಂದ ಹಾಗೆ!

ಆಮೇಲೆ ಮೇಷ್ಟ್ರನ್ನು ಹಿಡಿಯುವವರೇ ಇಲ್ಲ. ಪಕ್ಕದ ಟೇಬಲ್ ಒರೆಸುತ್ತಿದ್ದ ಸಪ್ಲೈಯರ್ ಕಟ್ಟಿಕೊಂಡಿದ್ದ ಏಪ್ರನ್ ತೋರಿಸಿ, ಅದು ಮೊದಲು ‘ನೇಪ್ರನ್’ ಆಗಿತ್ತು, ‘ಎ ನೇಪ್ರನ್’ ಅಂತ ಬೇಗ ಬೇಗ ಹೇಳಿ ‘ಆ್ಯನ್ ಏಪ್ರನ್’ ಆಗಿಹೋಯಿತು ಅಂದ. ಸಪ್ಲೈಯರ್ ತನ್ನ ಹೊಟ್ಟೆ ಕಡೆ ಒಮ್ಮೆ ನೋಡಿಕೊಂಡು, “ಸಾರ್, ಇನ್ನೇನಾದ್ರೂ ಬೇಕಾ?” ಅಂತ ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಚಿಲ್ಡ್ರನ್ ಅನ್ನುವುದು ಡಬಲ್ ಬಹುವಚನವಂತೆ. ಮೊದಲು ಚೈಲ್ಡ್‌ಗೆ ಚಿಲ್ಡರ್ ಸಾಕಿತ್ತು. ಸಾಲದು ಅಂತ ಯಾರೋ ಅದರ ಬೆನ್ನಿಗೆ ಇನ್ನೊಂದು ಪ್ರತ್ಯಯ ಅಂಟಿಸಿದರು. ಅಂದರೆ ಸರಿಯಾಗಿ ನಮ್ಮ ‘ಮಕ್ಕಳುಗಳು’. ಹಾಗೆ ಬರೆದದ್ದಕ್ಕೆ ನಾಲ್ಕನೇ ಕ್ಲಾಸಿನಲ್ಲಿ ನನ್ನ ಅಂಗೈಗೆ ಬಿದ್ದ ರೂಲುದೊಣ್ಣೆ ಏಟು ಇನ್ನೂ ನೆನಪಿದೆ. ಅದೇ ತಪ್ಪನ್ನು ಇಂಗ್ಲಿಷಿನವರು ಮಾಡಿದರೆ ವ್ಯಾಕರಣ.

ಪಬ್ಬುಗಳ ಬೋರ್ಡಿನಲ್ಲಿ ಬರೆಯುವ ‘ಯೀ ಓಲ್ಡೆ’ ಬಗ್ಗೆ ಅರ್ಧ ಗಂಟೆ ಹೋಯಿತು. ಅದು ‘ಯೀ’ ಅಲ್ಲವೇ ಅಲ್ಲ, ‘ದಿ’. ಆ ಉಚ್ಚಾರಕ್ಕೆ ಥಾರ್ನ್ ಅಂತ ಬೇರೆಯೇ ಅಕ್ಷರ ಇತ್ತು. ಮುದ್ರಣ ಬಂದಾಗ ಅದರ ಅಚ್ಚಿನ ಮೊಳೆ ಇರಲಿಲ್ಲ. ನೋಡಲು ಹತ್ತಿರ ಇದ್ದ ‘ವೈ’ ಮೊಳೆಯನ್ನೇ ಜೋಡಿಸಿದರು. ನಮ್ಮ ೞ, ಱ ಗತಿಯೂ ಹೀಗೇ ಅಲ್ವಾ? ಏೞು ಹೋಗಿ ಏಳಾಯಿತು, ಆಱು ಹೋಗಿ ಆರಾಯಿತು. ಪುಣ್ಯಕ್ಕೆ ಹಳಗನ್ನಡದ ಹೆಸರಲ್ಲಿ ಇನ್ನೂ ಯಾರೂ ಪಬ್ ತೆರೆದಿಲ್ಲ.

ಮೇಷ್ಟ್ರು ಕೈ ತೊಳೆಯಲು ಎದ್ದ. ಅನಾಹುತ ಆದದ್ದು ಆ ಮೂರು ನಿಮಿಷದಲ್ಲಿ.

ಓನರಿಗೆ ಈಗಲೇ ಒಂದು ಕ್ಷಮಾಪಣೆ ಮೆಸೇಜ್ ಹಾಕಿಬಿಡು, ಅವರಿಗೆ ಇಷ್ಟ ಆಗುವ ಹಾಗೆ ಹಳೇ ಇಂಗ್ಲಿಷಲ್ಲೇ ಹಾಕು ಅಂತ ಅಮೆರಿಕ ಸಲಹೆ ಕೊಟ್ಟ. ‘ಯೂ’ಗೆ ‘ದೌ’, ‘ಯುವರ್’ಗೆ ‘ದೈ’. ತುಂಬಾ ಮರ್ಯಾದೆಯ ಪದ ಕಣೋ, ಕಾನ್ವೆಂಟಿನಲ್ಲಿ ದಿನಾ ಪ್ರೇಯರ್‌ನಲ್ಲಿ ದೇವರಿಗೆ ಹಾಗೇ ಹೇಳುತ್ತಿದ್ದೆವು ಅಂದ. ದೇವರಿಗೇ ಸಲ್ಲುವುದು ಓನರಿಗೆ ಸಲ್ಲದೇ? ನಾನು ಕನ್ನಡ ಮೀಡಿಯಂ. ನಂಬಿದೆ.

‘ಸರ್, ದೌ ಆರ್ಟ್ ಮೋಸ್ಟ್ ಕೈಂಡ್. ಐ ಹ್ಯಾವ್ ಸ್ಪಾಯ್ಲ್ಡ್ ದೈ ವಿಟ್ನೆಸೆತ್. ಪಾರ್ಡನ್ ದೈ ಟೆನೆಂಟ್.’ ಕಳಿಸಿಯೂ ಆಯಿತು.

ಮೇಷ್ಟ್ರು ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಮೊಬೈಲ್ ನೋಡಿದ. ಹಾಗೇ ಕುರ್ಚಿಗೆ ಕುಸಿದ.

“ಎಂಥಾ ಕೆಲಸ ಮಾಡಿದ್ಯೋ! ದೌ ಅಂದ್ರೆ ‘ನೀನು’. ಯೂ ಅಂದ್ರೇನೇ ‘ನೀವು’. ಆ ವಯಸ್ಸಿನ ಮನುಷ್ಯರನ್ನ ಏಕವಚನದಲ್ಲಿ ಮಾತಾಡಿಸಿದ್ದೀಯ!”

“ಮತ್ತೆ ದೇವರಿಗೆ?”

“ನೀನು ವೆಂಕಟರಮಣನ ಮುಂದೆ ನಿಂತು ಏನಂತೀಯಾ? ‘ಸ್ವಲ್ಪ ಕಾಪಾಡಿ ಸಾರ್’ ಅಂತೀಯಾ?”

‘ಕಾಪಾಡಪ್ಪಾ’ ಅನ್ನುತ್ತೇನೆ. ನಿಜ. ದೇವರಿಗೆ ಏಕವಚನ, ಬಸ್ ಕಂಡಕ್ಟರಿಗೆ ಬಹುವಚನ, ಇದೇ ನಮ್ಮ ಪದ್ಧತಿ.

ಮೇಷ್ಟ್ರು ಇನ್ನೂ ಹೆದರಿಸಿದ. 1603ರಲ್ಲಿ ಇಂಗ್ಲೆಂಡಿನ ನಾವಿಕ ವಾಲ್ಟರ್ ರಾಲಿ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ಬೇಕಂತಲೇ ದೌ ದೌ ಅಂದು ಅವಮಾನ ಮಾಡಿದನಂತೆ. ನಿನಗೆ ಏಕವಚನವೇ ಸರಿ ಕಣೋ ದ್ರೋಹಿ ಅನ್ನುವ ಧಾಟಿಯಲ್ಲಿ. ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ದೇವರ ಮುಂದೆ ಎಲ್ಲರೂ ಸಮ ಅಂತ ಜಡ್ಜುಗಳಿಗೂ ದೌ ಅಂದು ಒದೆ ತಿಂದಿದ್ದರಂತೆ. ಇದನ್ನೆಲ್ಲ ಕೇಳುತ್ತಾ ನಾನು ‘ಡಿಲೀಟ್ ಫಾರ್ ಎವೆರಿವನ್’ ಹುಡುಕುತ್ತಿದ್ದೆ. ಅಷ್ಟರಲ್ಲಿ ಎರಡು ಟಿಕ್ಕೂ ನೀಲಿ ಆದವು.

ಕೊನೆಗೆ ಇಂಗ್ಲಿಷಿನವರು ಈ ತಲೆನೋವೇ ಬೇಡ ಅಂತ ‘ನೀನು’ವನ್ನು ಎತ್ತಿಟ್ಟು ಎಲ್ಲರಿಗೂ ‘ನೀವು’ ಅಂದುಬಿಟ್ಟರು. ಅಲ್ಲಿ ನಾಯಿಗೂ ಬಹುವಚನ. ನಮಗೆ ಆ ಸುಖ ಇಲ್ಲ. ಆಫೀಸಿಗೆ ನಮ್ಮದೇ ವಯಸ್ಸಿನವರು ಹೊಸದಾಗಿ ಬಂದರೆ ಮೊದಲ ಒಂದು ತಿಂಗಳು ನಾನು ಸರ್ವನಾಮವನ್ನೇ ಮುಟ್ಟುವುದಿಲ್ಲ. “ಊಟ ಆಯ್ತಾ?”, “ಯಾವಾಗ ಬಂದಿದ್ದು?”, “ಎಲ್ಲಿಗೆ ಹೊರಟಿದ್ದು?” ನೀನೂ ಇಲ್ಲ, ನೀವೂ ಇಲ್ಲ. ಕನ್ನಡದಲ್ಲಿ ಹೀಗೆ ನುಣುಚಿಕೊಳ್ಳಲು ಜಾಗ ಇದೆ. ಇಂಗ್ಲಿಷಿನಲ್ಲೂ ಸುಮ್ನೆ ‘ಸಾರಿ ಸರ್’ ಅಂದಿದ್ದರೆ ಸಾಕಿತ್ತು.

ಹತ್ತು ನಿಮಿಷ ಮೂವರೂ ಮಾತಾಡಲಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಹೊಂದಿಸಿದ್ದು, ಪ್ಯಾಕರ್ಸ್‌ನವರಿಗೆ ಫೋನ್ ಮಾಡಿದ್ದು, ಹಳೇ ಮನೆಯ ಗೋಡೆಯ ಮೊಳೆ ಎಲ್ಲ ಕಿತ್ತದ್ದು ಕಣ್ಣ ಮುಂದೆ ಬಂತು. ಆಗ ಮೊಬೈಲ್ ಟಣ್ ಅಂತು.

‘ದೌ ಮೇಯೆಸ್ಟ್ ಕಮ್ ಆನ್ ಮಂಡೇ. ಬ್ರಿಂಗ್ ದೈ ಅಡ್ವಾನ್ಸ್, ಆ್ಯಂಡ್ ಲೀವ್ ದೈ ಪೆನ್ ಅಟ್ ಹೋಮ್.’

ನಾನು ಎರಡೂ ಕೈ ಎತ್ತಿ ವೆಂಕಟರಮಣನಿಗೆ ಏಕವಚನದಲ್ಲೇ ನಮಸ್ಕಾರ ಹಾಕಿದೆ. ಮೇಷ್ಟ್ರು ಮಾತ್ರ ಮೊಬೈಲ್ ಕಸಿದುಕೊಂಡು ಕನ್ನಡಕದ ಹತ್ತಿರ ಹಿಡಿದ.

“ಮೇಯೆಸ್ಟ್? ಮೇಸ್ಟ್ ಅಲ್ವಾ?”

“ಮೇಯೆಸ್ಟೇ ಇರಬೇಕು ಕಣೋ, ಪ್ರೊಫೆಸರ್ ಬರೆದಿದ್ದಾರೆ” ಅಂದ ಅಮೆರಿಕ.

“ಎರಡೂ ಇದೆ. ಆದರೆ ಇಲ್ಲಿ ಮೇಸ್ಟೇ ಚೆನ್ನ. ಕೊಡು ಇಲ್ಲಿ, ನಾನೊಂದು ಮೆಸೇಜ್ ಹಾಕ್ತೀನಿ.”

ನಾನು ಮೊಬೈಲ್ ಕಿತ್ತುಕೊಂಡು ಸ್ವಿಚ್ ಆಫ್ ಮಾಡಿದೆ. ಸಪ್ಲೈಯರ್ ಬಿಲ್ ತಂದಿಟ್ಟ. ಮೂರು ಪೂರಿ, ಐದು ಕಾಫಿ. ಸಾಕ್ಷಿ ಸಹಿಯ ಎರಡು ಗೆರೆ ಇನ್ನೂ ಖಾಲಿಯೇ ಇದ್ದವು.