ಮಳವಳ್ಳಿಯವರಿಗೆ ಖುಷಿಪಡೋಕೆ ಬರಲ್ಲ

ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ ಜಾಗತೀಕರಣ ಅಂದ್ರೆ ಮಳವಳ್ಳಿಯ ಕೂಲಿಯವರು ಕುಣಿಯಬೇಕು. ಮೈಸೂರಿನ ಹೆಬ್ಬಾಳದ ಸಾಫ್ಟ್‌ವೇರ್ ಎಂಜಿನಿಯರ್ ಅಳಬೇಕು. 1941ರಲ್ಲೇ ಸ್ಟಾಲ್ಪರ್ ಮತ್ತು ಸ್ಯಾಮುಯೆಲ್ಸನ್ ಅನ್ನೋ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿಟ್ಟಿದ್ದಾರೆ. ದೇಶದಲ್ಲಿ ಯಾವುದು ಹೇರಳವೋ, ವ್ಯಾಪಾರದ ಬಾಗಿಲು ತೆರೆದಾಗ ಅದಕ್ಕೆ ಲಾಭ. ಯಾವುದು ಅಪರೂಪವೋ ಅದಕ್ಕೆ ಪೆಟ್ಟು. ನಮ್ಮಲ್ಲಿ ದುಡಿಯುವ ಕೈಗಳಿಗೆ ಬರವೇ? ಅಪರೂಪ ಅಂದ್ರೆ ಹೆಚ್ಚು ಓದಿದವರು.

ಆದರೆ ಜನ ಪುಸ್ತಕ ಓದಿಲ್ಲ. ಎಂಜಿನಿಯರ್ ವರ್ಷಗಟ್ಟಲೆ ಜಾಗತೀಕರಣಕ್ಕೆ ಜೈ ಅಂದ. ಮಳವಳ್ಳಿಯ ರೇಷ್ಮೆ ಬೆಳೆಗಾರ ಶಾಪ ಹಾಕಿದ. ಈಗ ತಪ್ಪು ಯಾರದು? ಸಿದ್ಧಾಂತದ್ದಂತೂ ಅಲ್ಲ, ಅದು ಗಣಿತ. ಹಾಗಾಗಿ ಬೆಳೆಗಾರನಿಗೇ ಅರಿವಿನ ಕೊರತೆ. ಅವನಿಗೊಂದು ಶಿಬಿರ, ಮಧ್ಯಾಹ್ನ ಬಿಸಿಬೇಳೆಬಾತ್.

2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ 5ಕ್ಕೆ ಇಳಿಯಿತು. ಸಿದ್ಧಾಂತಕ್ಕೆ ಇದು ಚಿಂತೆಯ ವಿಷಯವೇ ಅಲ್ಲ. ಅದರಲ್ಲಿ ಒಂದು ಕೆಲಸ ಬಿಟ್ಟವರಿಗೆ ಇನ್ನೊಂದು ತಕ್ಷಣ ಸಿಗುತ್ತದೆ. ಬೆಳಗ್ಗೆ ಚಂದ್ರಿಕೆಯಿಂದ, ಅಂದ್ರೆ ರೇಷ್ಮೆಹುಳು ಗೂಡು ಕಟ್ಟುವ ತಟ್ಟೆಯಿಂದ, ಗೂಡು ಬಿಡಿಸಿದವನು ಮಧ್ಯಾಹ್ನ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಾನೆ. ಹಿಪ್ಪುನೇರಳೆ ತೋಟ ಏನಾಗುತ್ತೆ? ಅದೂ ಎದ್ದು ಬಸ್ ಹತ್ತುತ್ತೆ ಅಂತ ಕಾಣುತ್ತೆ.

ಅರ್ಥಶಾಸ್ತ್ರದ ಮನೆಯಲ್ಲೇ ಇನ್ನೊಂದು ಪಂಥ ಇದೆ, ಸ್ವಲ್ಪ ವ್ಯವಹಾರ ಗೊತ್ತಿರುವವರದ್ದು. ಓದಿದವನೋ ಓದದವನೋ ಮುಖ್ಯ ಅಲ್ಲ, ಯಾವ ಕಸುಬಿಗೆ ಅಂಟಿಕೊಂಡಿದ್ದಾನೆ ಅನ್ನೋದು ಮುಖ್ಯ ಅಂತಾರೆ. ಚೀನಾ ನೂಲು ಅಗ್ಗವಾದರೆ ಸೀರೆ ನೇಯುವವನು ನಗ್ತಾನೆ, ಗೂಡು ಬೆಳೆದವನು ಬೈತಾನೆ. ರೇಷ್ಮೆ ಒಂದೇ, ಅಭಿಪ್ರಾಯ ಎರಡು. 2013ರಲ್ಲಿ ಸುಂಕ ಶೇ 15ಕ್ಕೆ ಏರಿದಾಗ ನಗುವ ಸರದಿ ಬೆಳೆಗಾರನದ್ದು.

2025ರಲ್ಲಂತೂ ಮಜಾ ನೋಡಿ. ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿತು. ಅಲ್ಲಿಗೆ ಹೋಗುವ ಶರ್ಟ್ ಹೊಲಿಯುವವರೆಲ್ಲ ಸ್ಯಾಮುಯೆಲ್ಸನ್ ಹೆಸರೂ ಕೇಳದೆ ಮುಕ್ತ ವ್ಯಾಪಾರದ ಪರ ನಿಂತರು. ಮುಂದಿನ ತಿಂಗಳು ಹೊಸ ಎಚ್‌-1ಬಿ ಅರ್ಜಿಗೆ, ಅಂದ್ರೆ ಅಮೆರಿಕದ ಕೆಲಸದ ವೀಸಾಗೆ, ಒಂದು ಲಕ್ಷ ಡಾಲರ್ ಶುಲ್ಕ. ಹೆಬ್ಬಾಳದ ನಮ್ಮ ವಿಶ್ವಮಾನವ ರಾತ್ರೋರಾತ್ರಿ ಸ್ವದೇಶಿ ಆದ. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಚರಕ.

ಎಲ್ಲರಿಗೂ ಪೈಪೋಟಿ ಒಳ್ಳೇದು ಅಂತ ಪಾಠ ಹೇಳುವ ಕಾಯಂ ಪ್ರಾಧ್ಯಾಪಕರು ಮಾತ್ರ ನೆಮ್ಮದಿಯಾಗಿದ್ದಾರೆ. ಚೀನಾದಿಂದ ಅಗ್ಗದ ಪ್ರಾಧ್ಯಾಪಕರು ಕಂಟೇನರ್‌ಗಟ್ಟಲೆ ಬಂದಿಳಿಯಲಿ, ನೋಡೋಣ. ಮಾರನೇ ದಿನವೇ ಮೈಸೂರು ವಿಶ್ವವಿದ್ಯಾಲಯದ ಕಚೇರಿ ಕ್ರಾಫರ್ಡ್ ಹಾಲ್ ಎದುರು ಶಾಮಿಯಾನ, ಮೈಕು, ಧಿಕ್ಕಾರ. ಮನವಿ ಪತ್ರ ಬರೆದುಕೊಡೋಕೆ ಮಳವಳ್ಳಿಯವನನ್ನೇ ಕರೆಸಬೇಕು. ಅವನ ಹತ್ತಿರ 2011ರದ್ದು ಒಂದು ಪ್ರತಿ ಇದ್ದೇ ಇರುತ್ತೆ.