ಅಲ್ಬೇನಿಯಾ: 200

ಮೂವತ್ತು ವರ್ಷ ಕಚೇರಿಯಲ್ಲಿ ಸಭೆಗಳ ನಡಾವಳಿ ಬರೆದವನು ನಾನು. ಬಾಯಲ್ಲಿ ಆಡಿದ ಜಗಳ ಕಾಗದಕ್ಕೆ ಬರುವಷ್ಟರಲ್ಲಿ ‘ಸುದೀರ್ಘವಾಗಿ ಚರ್ಚಿಸಲಾಯಿತು’ ಆಗಿಬಿಡುವುದು ಹೇಗೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಇರಬೇಕು, ಯಹೂದಿಗಳ ನರಮೇಧದ ಬಗ್ಗೆ ಓದಿದ್ದರಲ್ಲೆಲ್ಲ ನನ್ನ ನಿದ್ದೆ ಕೆಡಿಸಿದ್ದು ಹದಿನೈದು ಪುಟದ ಒಂದು ನಡಾವಳಿ.

1942ರ ಜನವರಿ 20. ಬರ್ಲಿನ್ ಅಂಚಿನ ವಾನ್‌ಸೀ ಸರೋವರದ ದಂಡೆಯ ಬಂಗಲೆ. ಯುರೋಪಿನ ಯಹೂದಿಗಳನ್ನು ಏನು ಮಾಡುವುದು ಅಂತ ನಾಜಿ ಭದ್ರತಾ ವಿಭಾಗದ ಮುಖ್ಯಸ್ಥ ಹೈಡ್ರಿಶ್ ಕರೆದ ಸಭೆ, 15 ಜನ, ಅರ್ಧಕ್ಕರ್ಧ ಡಾಕ್ಟರೇಟ್ ಪಡೆದವರು. ಸಭೆಯ ನಂತರ ಉಪಾಹಾರ ಅಂತ ಆಹ್ವಾನದಲ್ಲೇ ಇತ್ತು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿದಿದೆ.

ನಮ್ಮ ಕಚೇರಿಯ ಕಡಕ್ ಸಾಹೇಬರೊಬ್ಬರಿಗೆ ‘ಹಿಟ್ಲರ್’ ಅಂತ ಅಡ್ಡಹೆಸರಿತ್ತು. ನಾನೂ ಕರೆದು ನಕ್ಕಿದ್ದೇನೆ. ವಾನ್‌ಸೀ ಸಭೆಯಲ್ಲಿ ಹಿಟ್ಲರ್ ಇರಲೇ ಇಲ್ಲ. ಇದ್ದವರು ಕಾನೂನು, ಒಳಾಡಳಿತ, ವಿದೇಶಾಂಗ ಇಲಾಖೆಗಳ ಮೇಲಧಿಕಾರಿಗಳು, ನಾಜಿ ಪಡೆಯಾದ ಎಸ್‌ಎಸ್‌ನವರು.

ನಡಾವಳಿ ತಯಾರಿಸಿದವನು ಹೈಡ್ರಿಶ್ ಕೈಕೆಳಗಿನ ಅಧಿಕಾರಿ ಐಖ್‌ಮನ್. ಕೊಲ್ಲುವುದು ಅನ್ನುವ ಮಾತೇ ಅದರಲ್ಲಿಲ್ಲ. ‘ಪೂರ್ವಕ್ಕೆ ಸ್ಥಳಾಂತರ’ ಇದೆ. ಅಜ್ಜ-ಅಜ್ಜಿಯರ ಲೆಕ್ಕ ಹಾಕಿ ಅರ್ಧ ಯಹೂದಿ ಯಾರು, ಕಾಲು ಯಹೂದಿ ಯಾರು ಅಂತ ಪುಟಗಟ್ಟಲೆ ಇದೆ. ಕೀವ್‌ನ ಬಾಬಿ ಯಾರ್ ಕೊರಕಲಿನಲ್ಲಿ ನಾಜಿಗಳು ಎರಡೇ ದಿನದಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದು ಆಗಿನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಸಭೆಯಲ್ಲಿ ಕೊಲ್ಲುವ ಬಗೆಗಳನ್ನೇ ಮಾತಾಡಿದ್ದು ಅಂತ 1961ರಲ್ಲಿ ಜೆರುಸಲೇಮಿನ ಕೋರ್ಟಿನಲ್ಲಿ ಐಖ್‌ಮನ್ನೇ ಒಪ್ಪಿಕೊಂಡ.

ಆರನೇ ಪುಟದಲ್ಲಿ ಯಹೂದಿಗಳ ಸಂಖ್ಯೆಯ ದೇಶವಾರು ಪಟ್ಟಿ. ಎಸ್ಟೋನಿಯಾದ ಮುಂದೆ ಅಂಕಿಯಿಲ್ಲ, ‘ಯಹೂದಿಮುಕ್ತ’ ಅಂತ ಷರಾ. ಇನ್ನೂ ಗೆದ್ದೇ ಇಲ್ಲದ ಇಂಗ್ಲೆಂಡ್: 3,30,000. ಒಟ್ಟು 1 ಕೋಟಿ 10 ಲಕ್ಷಕ್ಕೂ ಮೇಲೆ. ನನ್ನ ಕಣ್ಣು ನಿಂತದ್ದು ಅಲ್ಬೇನಿಯಾದ ಸಾಲಿನಲ್ಲಿ. 200. ನಮ್ಮೂರ ಮದುವೆಯಲ್ಲಿ ಒಂದು ಪಂಕ್ತಿಗೆ ಕೂರುವಷ್ಟು ಜನ! ಅವರನ್ನೂ ಬಿಡದೆ ಎಣಿಸಿ, ಟೈಪ್ ಮಾಡಿ, ಕೂಡಿಸಿದ್ದಾರೆ.

ಆ ಅಂಕಿ ಫಲಿಸಲಿಲ್ಲ. ಅಲ್ಬೇನಿಯಾದ ಮನೆಗಳು, ಬಹುಪಾಲು ಮುಸ್ಲಿಮರವು, ಬೇರೆ ದೇಶಗಳಿಂದ ಓಡಿಬಂದ ಯಹೂದಿಗಳನ್ನೂ ಬಚ್ಚಿಟ್ಟವು. ಯುದ್ಧ ಮುಗಿದಾಗ ಅಲ್ಲಿ ಮೊದಲಿಗಿಂತ ಹೆಚ್ಚು ಯಹೂದಿಗಳಿದ್ದರು. ಉಳಿದ ಸಾಲುಗಳ ಕತೆ ಹಾಗಲ್ಲ. ಪೋಲೆಂಡಿನ ಸಾಲನ್ನು ನಾನು ಎರಡನೇ ಸಲ ಓದಲಿಲ್ಲ.

‘ಎಂಬತ್ತು ವರ್ಷವಾಯಿತು, ಇನ್ನೂ ಯಾಕೆ ಅದನ್ನೇ ಕೆದಕುತ್ತೀರಿ’ ಅಂತ ಕಳೆದ ವಾರ ಗೆಳೆಯರೊಬ್ಬರು ಕೇಳಿದರು. ಆ ನಡಾವಳಿಯ 30 ಪ್ರತಿ ಮಾಡಿದ್ದರು ಸ್ವಾಮಿ. 1947ರಲ್ಲಿ ಜರ್ಮನಿಯ ವಿದೇಶಾಂಗ ಇಲಾಖೆಯ ಕಡತದಲ್ಲಿ ಸಿಕ್ಕಿದ್ದು ಒಂದೇ, 16ನೆಯದು.