ಬೀಜದಷ್ಟೇ ನೀರೂ ಮುಖ್ಯ

ಒಳ್ಳೆಯ ಕಾಫಿಗೆ ಚಿಕೋರಿ (ಕಾಫಿಪುಡಿಗೆ ಬೆರೆಸುವ ಹುರಿದ ಬೇರಿನ ಪುಡಿ) ಬೇಡವೇ ಬೇಡ, ಬರೀ ಅರೇಬಿಕಾ ಜಾತಿಯ ಬೀಜ ಸಾಕು ಎಂದು ನಿಮ್ಮ ಕಾಫಿ ಲೇಖನದಲ್ಲಿ ಬರೆದಿದ್ದೀರಿ. ಹಾಲಿಲ್ಲದ ಕಾಫಿಗೆ ಸರಿ. ನಮ್ಮಂತೆ ಗಟ್ಟಿ ಹಾಲು ಹಾಕಿ ಕುಡಿಯುವವರಿಗೆ ಅದು ಹೊಂದುವುದಿಲ್ಲ. ಅರೇಬಿಕಾದಲ್ಲಿ ಪರಿಮಳ ಜಾಸ್ತಿ, ಆದರೆ ಹಾಲಿನಲ್ಲಿ ಮುಳುಗಿಹೋಗುತ್ತದೆ. ಸ್ವಲ್ಪ ರೋಬಸ್ಟಾ ಎಂಬ ಕಡಕ್ ಜಾತಿಯ ಬೀಜ, ನೂರಕ್ಕೆ 15–20 ಪಾಲು ಚಿಕೋರಿ ಸೇರಿದರೆ ಡಿಕಾಕ್ಷನ್‌ಗೆ ಬಣ್ಣ, ಗಟ್ಟಿತನ ಎರಡೂ ಬರುತ್ತವೆ.

ನೀರಿನ ವಿಷಯ ಮಾತ್ರ ನೀವು ಬಿಟ್ಟೇಬಿಟ್ಟಿದ್ದೀರಿ. ನಮ್ಮ ಕೋಲಾರದ ಕಡೆ ಬೋರ್‌ವೆಲ್ ನೀರು ಗಡಸು, ಅಂದರೆ ಸುಣ್ಣದಂಥ ಲವಣಗಳು ಜಾಸ್ತಿ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ವಾ, ಅದೇ ನೀರು ಕಾಫಿಯ ಹದವಾದ ಹುಳಿಯನ್ನೂ ನುಂಗಿಬಿಡುತ್ತದೆ. ಎಷ್ಟು ದುಬಾರಿ ಬೀಜ ತಂದರೂ ರುಚಿ ಸಪ್ಪೆ. ಹಾಗಾಗಿ ಕಾಫಿಗೆ ನಾನು ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸುತ್ತೇನೆ.

ಫಿಲ್ಟರಿನಲ್ಲಿ ಪುಡಿಯನ್ನು ಅದುಮಬೇಡಿ, ಸುಮ್ನೆ ಸಮ ಮಾಡಿ. ಮೊದಲು ನೆನೆಯುವಷ್ಟೇ ಬಿಸಿನೀರು ಹಾಕಿ ನೋಡಿ. ಹೊಸದಾಗಿ ಹುರಿದ ಪುಡಿ ಗುಳ್ಳೆ ಬಿಡುತ್ತಾ ಉಬ್ಬುತ್ತದೆ, ಹಳೆಯದು ಅಲುಗುವುದೂ ಇಲ್ಲ. ಅಂಗಡಿಯಲ್ಲಿ ಕಣ್ಣೆದುರೇ ಬೀಸಿಸಿ, ವಾರಕ್ಕೆ ಬೇಕಾದಷ್ಟೇ ತನ್ನಿ. ಗಡಸು ನೀರಿನ ಊರುಗಳಿಗಾಗಿ ಇನ್ನೊಂದು ಲೇಖನ ದಯವಿಟ್ಟು ಬರೆಯಿರಿ.